ಹಗ್ಗ ಮುಟ್ಟಿದವರ ಪಾಲು

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕಾರವಾರದ ಬೈತಖೋಲದ ಧಕ್ಕೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ವ್ಯಾಪಾರಕ್ಕೆ ಇಳಿದವಳು ನಾನು. ಇವತ್ತು ಎರಡು ಪಿಕಪ್ ಗಾಡಿಗಳಿವೆ, ಅಂಕೋಲೆಯಲ್ಲಿ ಒಣಮೀನಿನ ಅಂಗಡಿಯಿದೆ. ನಡುವಿನ ಇಷ್ಟೂ ವರ್ಷಗಳಲ್ಲಿ ಎದುರಿನವರು ಹೇಳಿದ ಮೊದಲ ದರಕ್ಕೆ ನಾನು ಏನನ್ನೂ ಕೊಂಡಿಲ್ಲ. ಸೀರೆಗೆ ಚೌಕಾಸಿ ಮಾಡಿದ್ದೇನೆ, ಕಪಾಟಿಗೆ ಮಾಡಿದ್ದೇನೆ, ಮಗಳ ಮದುವೆಯ ಬ್ಯಾಂಡಿನವರಿಗೆ ‘ಒಂದು ಡೋಲು ಕಡಿಮೆ ತನ್ನಿ, ದರ ಇಳಿಸಿ’ ಎಂದಿದ್ದೇನೆ. ಹಲ್ಲು ಕೀಳಿಸಲು ಹೋದಾಗ ತೆರೆದ ಬಾಯಿ ತೆರೆದಂತೆಯೇ ಇಟ್ಟುಕೊಂಡು, ಎರಡು ಹಲ್ಲು ಒಟ್ಟಿಗೆ ಕಿತ್ತರೆ ಎಷ್ಟು ಎಂದು ಬೆರಳಿನಲ್ಲೇ ಕೇಳಿದವಳು. ಇಂಥ ನಾನು ಒಂದೇ ಒಂದು ವಸ್ತುವನ್ನು ಕೇಳಿದಷ್ಟು ಕೊಟ್ಟು, ಮರುಮಾತಾಡದೆ ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ. ಅದು ಮಂಡಿನೋವಿನ ಎಣ್ಣೆ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಬಾಟಲಿಯ ಮೇಲೆ ಒಬ್ಬ ಸಿನಿಮಾ ನಟನ ಚಿತ್ರವಿತ್ತು. ಮಂಡಿಯ ಮೇಲೆ ಕೈಯಿಟ್ಟುಕೊಂಡು, ನೋವೆಲ್ಲ ಈಗಷ್ಟೇ ಎದ್ದು ಹೊರಗೆ ಹೋದ ಹಾಗೆ ನಗುತ್ತಿದ್ದ. ನಾನು ಹರೆಯದಲ್ಲಿ ಅವನ ಸಿನಿಮಾ ನೋಡಲು ಕಾರವಾರದ ಟಾಕೀಸಿನ ಮುಂದೆ ಸರದಿಯಲ್ಲಿ ನಿಂತವಳು. ಅವನು ಹೇಳಿದ ಮೇಲೆ ಮತ್ತೇನು ಎಂದು ಕೈ ತಾನಾಗಿಯೇ ಬಾಟಲಿಯ ಕಡೆ ಹೋಯಿತು. ಮನೆಗೆ ಬಂದು ಹಚ್ಚಿಕೊಂಡ ಮೇಲೆ ಹೊಳೆಯಿತು: ಅವನು ಮಾಳಿಗೆಯಿಂದ ಹಾರುವಾಗ ಕೆಳಗೆ ಹಾಸಿಗೆ ಹಾಕಿರುತ್ತಾರೆ. ನನ್ನ ಮಂಡಿಯ ಕೆಳಗೆ ಯಾರೂ ಯಾವತ್ತೂ ಹಾಸಿಗೆ ಹಾಕಿದವರಿಲ್ಲ. ಎರಡು ಮಂಡಿಗಳ ಕಥೆಯೇ ಬೇರೆ ಬೇರೆ.

ಎಣ್ಣೆಯ ವಿಷಯ ಅಲ್ಲಿಗೇ ಮುಗಿದಿದ್ದರೆ ನಿಮ್ಮ ಸಮಯ ತಿನ್ನುತ್ತಿರಲಿಲ್ಲ. ಈ ವರ್ಷ ಚೌತಿ ಮುಗಿದ ವಾರ ಅದೇ ನಟ ಮತ್ತೆ ಬಂದ. ಈ ಸಲ ಬಾಟಲಿಯ ಮೇಲಲ್ಲ, ಎಲ್ಲರ ಮೊಬೈಲಿನಲ್ಲಿ. ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, ಪ್ರಜಾಸತ್ತಾತ್ಮಕ ಸಮಾಜವಾದದ ಬಗ್ಗೆ ಮಾತಾಡುತ್ತಿದ್ದ. ಅದೆಂದರೆ ದುಡಿಯುವವನ ತಟ್ಟೆಯಿಂದ ಕಿತ್ತು ಕೂತವನ ತಟ್ಟೆಗೆ ಹಾಕುವುದಂತೆ, ಸಮಪಾಲು ಎಂಬುದು ಮನುಷ್ಯನನ್ನು ಸೋಮಾರಿ ಮಾಡುತ್ತದಂತೆ. ಮಂಡಿನೋವಿನ ಬಗ್ಗೆ ಹೇಳಿದಷ್ಟೇ ಭರವಸೆಯಿಂದ, ಅದೇ ನಗು ನಗುತ್ತ ಹೇಳಿದ.

ಎರಡು ದಿನದಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಬಂತು. ಈ ಸಲ ಒಬ್ಬ ನಟಿ. ದೇಶಕ್ಕೆ ಬೇಕಾದದ್ದೇ ಅದು, ಇದ್ದವರು ಇಲ್ಲದವರ ಜೊತೆ ಹಂಚಿಕೊಳ್ಳಬೇಕು, ಆಸ್ಪತ್ರೆ–ಶಾಲೆ ಎಲ್ಲರದಾಗಬೇಕು ಎಂದಳು. ಹೇಳಿದ್ದು ನನ್ನ ಮನಸ್ಸಿಗೆ ಹಿತವಾಗಿಯೇ ಇತ್ತು. ಆದರೆ ಅವಳ ಬೆನ್ನ ಹಿಂದೆ ಕಾಣುತ್ತಿದ್ದ ಈಜುಕೊಳದಲ್ಲಿ ನಮ್ಮ ಓಣಿಯ ಜನವೆಲ್ಲ ಒಟ್ಟಿಗೆ ಇಳಿಯಬಹುದಿತ್ತು. ಅದನ್ನು ಹಂಚಿಕೊಳ್ಳುವ ಮಾತು ಮಾತ್ರ ಬರಲಿಲ್ಲ.

ಈಗ ನಮ್ಮ ಕಿನಾರೆಯ ವಿಷಯಕ್ಕೆ ಬರಬೇಕು. ಕಾರವಾರಕ್ಕೂ ಅಂಕೋಲೆಗೂ ನಡುವಿನ ಒಂದು ಊರಿನಲ್ಲಿ ಇಪ್ಪತ್ತೆರಡು ಜನರ ಒಂದು ರಂಪಣಿ ಗುಂಪಿದೆ. ರಂಪಣಿ ಎಂದರೆ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಇಳಿಸುತ್ತಾರೆ, ಎರಡೂ ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತು ಎಳೆಯುತ್ತಾರೆ. ಎಳೆಯಲು ಒಂದು ಹೊತ್ತು ಬೇಕು. ಬಲೆ ಮರಳಿಗೆ ಬಂದ ಮೇಲೆ ಮೀನನ್ನು ಸಮನಾಗಿ ಗುಪ್ಪೆ ಹಾಕುತ್ತಾರೆ. ಬಲೆಗೊಂದು ಗುಪ್ಪೆ, ದೋಣಿಗೊಂದು, ಉಳಿದದ್ದು ಆಳಿಗೊಂದು. ಈ ಗುಂಪಿನಲ್ಲಿ ಎರಡು ಕಟ್ಟಳೆಗಳಿವೆ. ಒಂದು, ಬಲೆ ಮೇಲೆ ಬರುವ ಹೊತ್ತಿಗೆ ಯಾರ ಕೈ ಹಗ್ಗದ ಮೇಲಿದೆಯೋ ಅವರಿಗೆ ಪೂರಾ ಪಾಲು. ಅವರು ಗುಂಪಿನವರಾಗಲಿ, ಶಾಲೆಗೆ ಹೊರಟ ಮಾಸ್ತರರಾಗಲಿ. ಇನ್ನೊಂದು, ಗುಂಪಿನ ಆಳು ಕಾಯಿಲೆ ಬಿದ್ದರೆ ಆ ಹಂಗಾಮು ಮುಗಿಯುವ ತನಕ ಅವನ ಪಾಲು ಅವನ ಮನೆಗೆ ಹೋಗಬೇಕು. ಯಾರು ಬರೆದ ಕಟ್ಟಳೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನನ್ನ ಮೊಮ್ಮಗಳ ಪಠ್ಯಪುಸ್ತಕದ ಮೊದಲ ಪುಟದಲ್ಲಿ ಸಂವಿಧಾನದ ಪೀಠಿಕೆ ಅಚ್ಚಾಗಿದೆ. ಅದರಲ್ಲಿ ಸಮಾಜವಾದಿ ಎಂಬ ಮಾತೂ ಇದೆ, ಪ್ರಜಾಸತ್ತಾತ್ಮಕ ಎಂಬ ಮಾತೂ ಇದೆ. ಅವಳು ಅದನ್ನು ಗಟ್ಟಿಯಾಗಿ ಓದುವಾಗಲೆಲ್ಲ ನನಗೆ ಆ ಮರಳಿನ ಮೇಲಿನ ಗುಪ್ಪೆಗಳು ಕಣ್ಣಿಗೆ ಬರುತ್ತವೆ. ಅವರಿಗೆ ಆ ದೊಡ್ಡ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಈ ನಟನಿಗೂ ಆ ಕಿನಾರೆಗೂ ಹಳೆಯ ನಂಟಿದೆ. ಎರಡು ವರ್ಷದ ಹಿಂದೆ ಶೂಟಿಂಗಿಗೆ ಬಂದಿದ್ದ, ಬೆಸ್ತನ ಪಾತ್ರವಂತೆ. ನಿಜವಾದ ಬಲೆ ಎಳೆಯುವುದನ್ನು ಕಂಡು ಕ್ಯಾಮೆರಾದವರಿಗೆ ಆಸೆಯಾಯಿತು. ನಟ ಇಸ್ತ್ರಿ ಮಾಡಿದ ಚೌಕಳಿ ಲುಂಗಿ ಎತ್ತಿ ಕಟ್ಟಿ, ಸಾಲಿನ ನಡುವೆ ಹೊಕ್ಕು ಹಗ್ಗ ಹಿಡಿದ. ಹಿಂದೆ ಒಬ್ಬ ಛತ್ರಿ ಹಿಡಿದು ನಿಂತಿದ್ದ. ಒಂದು ಚಾ ಕುಡಿಯುವಷ್ಟು ಹೊತ್ತು ಎಳೆದಿರಬಹುದು, ಅಷ್ಟರಲ್ಲಿ ಬಲೆ ಮೇಲೆ ಬಂತು. ಆಗ ಗುಪ್ಪೆ ಹಾಕುತ್ತಿದ್ದವನು ಬೀರಣ್ಣ, ಗುಂಪಿನ ಎಲ್ಲರಿಗಿಂತ ಹಿರಿಯ. ಅವನು ಒಂದು ಗುಪ್ಪೆ ಹೆಚ್ಚಿಗೆ ಹಾಕಿದ್ದು ನೋಡಿ ಯಾರೋ ಇದು ಯಾರದು ಎಂದರು.

“ಹೀರೋಂದು,” ಎಂದ ಬೀರಣ್ಣ. “ಹಗ್ಗ ಮುಟ್ಟಿದ್ನಲ್ಲ.”

ನಟನ ಮ್ಯಾನೇಜರ್ ಮೊದಲು ನಕ್ಕ. ಆಮೇಲೆ ಬಂಗಡೆಯ ಹೊಳಪು ನೋಡಿ ನಗು ನಿಲ್ಲಿಸಿ, ಐಸ್ ಡಬ್ಬಿ ತರಿಸಿ ಪೂರಾ ಪಾಲನ್ನೂ ತುಂಬಿಸಿಕೊಂಡು ಹೋದ. ಕಟ್ಟಳೆ ಕಟ್ಟಳೆಯೇ.

ಈ ಮಳೆಗಾಲದಲ್ಲಿ ಬೀರಣ್ಣ ದೋಣಿ ದಡಕ್ಕೆ ಎಳೆಯುವಾಗ ಜಾರಿ ಬಿದ್ದು ಬಲಭುಜದ ಮೂಳೆ ಮುರಿದುಕೊಂಡ. ಪಟ್ಟಿ ಬಿಚ್ಚಿದ ಮೇಲೂ ಕೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ಈ ಹಂಗಾಮಿಗೆ ಹಗ್ಗದ ಆಸೆ ಬಿಡು ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಇರುವವರು ಅವನು ಮತ್ತು ಹೆಂಡತಿ ಸುಕ್ರಿ. ಸುಕ್ರಿ ಆ ಪಾಲಿನ ಮೀನನ್ನೇ ಬುಟ್ಟಿಗೆ ಹಾಕಿ ಮನೆಮನೆಗೆ ಮಾರುವವಳು. ಪಾಲು ಬಂದ ದಿನ ಅವರ ಒಲೆ ಉರಿಯುತ್ತದೆ. ಕಟ್ಟಳೆಯ ಪ್ರಕಾರ ಹಂಗಾಮಿನ ಮೊದಲ ಎರಡು ವಾರ ಪಾಲು ಅವರ ಮನೆಗೆ ಹೋಯಿತು. ಅಷ್ಟರಲ್ಲಿ ಸೋಫಾದ ಮೇಲಿನ ವಿಡಿಯೋ ಬಂತು.

ನಾಗರಾಜ ಎಂಬವನು ಗುಂಪಿನ ಹರೆಯದವರ ಮುಂದಾಳು. ಒಳ್ಳೆಯ ಹುಡುಗ, ನಾಲ್ಕು ಜನರ ಎಳೆತ ಒಬ್ಬನೇ ಎಳೆಯುತ್ತಾನೆ. ಆ ನಟನೆಂದರೆ ಅವನಿಗೆ ಪ್ರಾಣ. ನಟ ಹಿಡಿದಿದ್ದ ಹಗ್ಗದ ತುಂಡನ್ನು ಇನ್ನೂ ಮನೆಯಲ್ಲಿ ಇಟ್ಟಿದ್ದಾನಂತೆ. ಅವನು ಬಲೆ ಇಡುವ ಚಪ್ಪರದಲ್ಲಿ ಕೂತು ಹೇಳಿದ, ಕೂತವನಿಗೆ ಪಾಲು ಕೊಡುವುದು ಸರಿಯಲ್ಲ ಎಂದು. ಹಾಗೆ ಹೇಳಿದ್ದು ತಾನಲ್ಲ, ಅಷ್ಟು ದೊಡ್ಡ ಮನುಷ್ಯ ಎಂದೂ ಸೇರಿಸಿದ. ಹಿರಿಯರ ಪೈಕಿ ಒಬ್ಬ ನಟಿಯ ವಿಡಿಯೋ ಎತ್ತಿ ತೋರಿಸಿದ. ಹೀಗೆ ಬೀರಣ್ಣನ ಭುಜ ಮುರಿದದ್ದೇ ಗೊತ್ತಿಲ್ಲದ ಇಬ್ಬರು ಸಿನಿಮಾದವರು ಆ ಮುದುಕನ ಬುಟ್ಟಿಯ ಎರಡು ಕಿವಿ ಹಿಡಿದು ಎಳೆಯತೊಡಗಿದರು.

ನಾನು ಈ ಗುಂಪಿನವಳಲ್ಲ, ಅವರ ಮೀನು ಕೊಳ್ಳುವವಳು. ಆದರೂ ಮುಂದಿನ ಭಾನುವಾರ ಬೆಳಿಗ್ಗೆ ಪಂಚಾಯ್ತಿಗೆ ನನ್ನನ್ನು ಕರೆದರು. ಯಾಕೆಂದರೆ, ಹೇಳಿಕೊಳ್ಳಬಾರದು, ಹೆಸರಿನ ಬಲದಲ್ಲಿ ಅಭಿಪ್ರಾಯ ಹೇಳುವವರ ಪಟ್ಟಿಯಲ್ಲಿ ನಾನೂ ಒಂದು ಸಣ್ಣ ಪ್ರಮಾಣದ ನಟಿಯೇ. ಶೇವಂತಕ್ಕ ಚೌಕಾಸಿಯಲ್ಲಿ ಗಟ್ಟಿ ಎಂದು ಹೆಸರಾದದ್ದೇ ತಡ, ಜನ ನನ್ನನ್ನು ಎಲ್ಲದಕ್ಕೂ ಕೇಳಲು ಶುರು ಮಾಡಿದರು. ಗಾಡಿ ಯಲ್ಲಾಪುರದ ಕಡೆ ಹೋಗುವಾಗ ಸುಂಕಸಾಳದಲ್ಲಿ ಚಾಕ್ಕೆ ನಿಲ್ಲಿಸಿದರೆ, ಹೋಟೆಲಿನವನು ಮಗಳಿಗೆ ಬಂದ ಎರಡು ಸಂಬಂಧಗಳಲ್ಲಿ ಯಾವುದು ಒಳ್ಳೆಯದು ಎನ್ನುತ್ತಾನೆ. ತೋಡೂರಿನ ನನ್ನ ನಾದಿನಿ, ಮಗ ವಿಜ್ಞಾನ ತೆಗೆದುಕೊಳ್ಳಲೋ ವಾಣಿಜ್ಯ ತೆಗೆದುಕೊಳ್ಳಲೋ ಎಂದು ನನಗೆ ಫೋನ್ ಮಾಡುತ್ತಾಳೆ. ನನಗೆ ಗೊತ್ತಿರುವುದು ನೊಗಲಿ ಮೀನು ತಾಜಾ ಇದೆಯೋ ಇಲ್ಲವೋ ಎಂಬುದು. ಆದರೂ, ನಿಮ್ಮ ಹತ್ತಿರ ಸುಳ್ಳು ಯಾಕೆ, ಪ್ರತಿ ಸಲವೂ ಉತ್ತರ ಕೊಟ್ಟಿದ್ದೇನೆ. ಕೇಳಿದಾಗ ಗೊತ್ತಿಲ್ಲ ಎನ್ನಲು ಎಷ್ಟು ಧೈರ್ಯ ಬೇಕು ಎಂಬುದು ನಿಮ್ಮನ್ನು ನಾಲ್ಕು ಜನ ಕೇಳಲು ಶುರು ಮಾಡಿದ ಮೇಲೆಯೇ ತಿಳಿಯುತ್ತದೆ. ಆ ಸೋಫಾದ ಮೇಲಿನ ನಟನ ಮೇಲೆ ನನಗೆ ಪೂರಾ ಸಿಟ್ಟು ಬರದಿರುವುದಕ್ಕೆ ಇದೇ ಕಾರಣ.

ಚಪ್ಪರದಲ್ಲಿ ಎರಡೂ ಕಡೆಯ ಮಾತು ಕೇಳಿದೆ. ಬೀರಣ್ಣ ಕಂಬಕ್ಕೊರಗಿ ಕೂತಿದ್ದ. ಒಬ್ಬರು ಪೂರಾ ಅಂದರು, ಇನ್ನೊಬ್ಬರು ಏನೂ ಇಲ್ಲ ಅಂದರು. ನನ್ನ ಕಸುಬಿನಲ್ಲಿ ಇದಕ್ಕೆ ಉತ್ತರ ಕಣ್ಣು ಮುಚ್ಚಿ ಹೇಳಬಹುದು. “ಅರ್ಧ ಪಾಲು ಕೊಡಿ. ಎರಡೂ ಕಡೆಗೆ ಸಮಾಧಾನ,” ಎಂದೆ. ಒಬ್ಬರಾದರೂ ಎದುರು ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಶೇವಂತಕ್ಕ ಹೇಳಿದ ಮೇಲೆ ಮುಗಿಯಿತು ಎಂದು ಎಲ್ಲರೂ ಲುಂಗಿ ಕೊಡವಿ ಎದ್ದರು. ನಾನೂ ನ್ಯಾಯ ಮಾಡಿದ ಹೆಮ್ಮೆಯಲ್ಲಿ ಎದ್ದೆ. ಚಪ್ಪರದ ಹೊರಗೆ ಸುಕ್ರಿ ನಿಂತಿದ್ದಳು.

“ಅಕ್ಕಾ, ನೀ ಹಗ್ಗ ಎಳ್ದಿದ್ಯೇ ಯಾವಾಗಾರೂ?” ಎಂದು ಕೇಳಿದಳು.

“ಇಲ್ವೇ,” ಎಂದೆ.

“ಹಾಂ. ಅದ್ಕೇ ಕೇಳ್ದೆ,” ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಮೀನಿನ ವ್ಯಾಪಾರದಲ್ಲಿ ಹೊಸಬರಿಗೆ ನಾನು ಕೊಡುವ ಮೊದಲ ಬುದ್ಧಿಮಾತು ಇದು: ಐಸ್ ನೀರಿನಲ್ಲಿ ನೆನೆದ ಮೀನನ್ನು ಹಾಗೇ ತೂಗಿಸಿಕೊಳ್ಳಬೇಡಿ. ಬುಟ್ಟಿಯನ್ನು ಓರೆ ಹಿಡಿದು ನೀರು ಸೋಸಲು ಬಿಡಿ, ಆಮೇಲೆ ತಕ್ಕಡಿಗೆ ಹಾಕಿ. ನೀರಿಗೂ ತೂಕವಿದೆ, ಆದರೆ ನೀವು ನೀರನ್ನು ಸಾರು ಮಾಡಿ ಉಣ್ಣಲು ಕೊಳ್ಳುತ್ತಿಲ್ಲ. ಹೆಸರು ಮಾಡಿದವರ ಅಭಿಪ್ರಾಯವೂ ಹಾಗೆಯೇ ನೆನೆದು ಬರುತ್ತದೆ. ಮುಖದ ಹೊಳಪು, ಹಳೆಯ ಸಿನಿಮಾದ ಹಾಡು, ನಮ್ಮ ಹರೆಯದ ನೆನಪು, ಎಲ್ಲ ಸೇರಿ ಮಾತು ಭಾರವಾಗಿರುತ್ತದೆ. ಸ್ವಲ್ಪ ಹೊತ್ತು ಓರೆ ಹಿಡಿಯಿರಿ. ಸೋಸಿದ ಮೇಲೆ ಉಳಿದದ್ದು ಮೀನು. ಕೆಲವು ಸಲ ದುಬಾರಿ ಮೀನು ಇಸವಾಣವೇ ಉಳಿಯಬಹುದು, ಇಲ್ಲವೆನ್ನುವುದಿಲ್ಲ. ಹಸಿದು ಬೆಳೆದ ನಟನೊಬ್ಬ ಹಸಿವಿನ ಬಗ್ಗೆ ಹೇಳಿದರೆ ನಾನು ಕೂತು ಕೇಳುತ್ತೇನೆ. ಅಲ್ಲಿ ತೂಗುವುದು ಅವನ ಹಸಿವು, ಹೆಸರಲ್ಲ. ಹಂಚಿಕೊಳ್ಳುವ ಮಾತನ್ನು ನಮ್ಮ ತೋಡೂರಿನ ಕಡೆ ಎಲ್ಲರ ಒಳಿತಿಗೆಂದು ನೌಕಾನೆಲೆಗೆ ಸ್ವಂತ ಗದ್ದೆ ಬಿಟ್ಟುಕೊಟ್ಟು ಬೇರೆಡೆ ಮನೆ ಕಟ್ಟಿದವರು ಹೇಳಿದರೆ ಇನ್ನೂ ಹತ್ತಿರ ಸರಿದು ಕೂರುತ್ತೇನೆ. ಎಲ್ಲರದು ಎಂಬ ಮಾತಿಗೆ ಏನು ಬೆಲೆ ಎಂದು ಅವರಿಗೆ ಗೊತ್ತು, ಕೊಟ್ಟವರು ಅವರು. ಸಮಪಾಲಿನಿಂದ ಜನ ಸೋಮಾರಿಯಾಗುತ್ತಾರೋ ಎಂದು ತಿಳಿಯಲು ಸರಕಾರಿ ಆಸ್ಪತ್ರೆಯ ಸರದಿಯಲ್ಲಿ ನಿಂತವರನ್ನೂ ಕೇಳಬೇಕು, ಆ ಸರದಿಯ ಖರ್ಚು ಹೊರುವ ಅಂಗಡಿಕಾರರನ್ನೂ ಕೇಳಬೇಕು. ನಟನನ್ನೂ ಕೇಳೋಣ, ಬೇಡವೆನ್ನುವವಳು ನಾನಲ್ಲ. ಅವನೂ ಈ ದೇಶದ ಪ್ರಜೆ. ಮತ ಹಾಕುವ ದಿನ ಅವನ ಬೆರಳಿಗೂ ನನ್ನ ಬೆರಳಿಗೂ ಹಚ್ಚುವ ಶಾಯಿ ಒಂದೇ ಗೆರೆ. ಒಂದು ಗೆರೆಯಷ್ಟು ತೂಕ ಅವನದು. ಕಡಿಮೆಯೂ ಬೇಡ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಅವನು ಆ ಮಾತು ಎತ್ತದಿದ್ದರೆ ಚಪ್ಪರದಲ್ಲಿ ಯಾರೂ ಈ ವಿಷಯ ಮಾತಾಡುತ್ತಲೇ ಇರಲಿಲ್ಲ. ಇಷ್ಟು ಕಾಲ ಕಣ್ಣು ಮುಚ್ಚಿ ನಡೆಸಿಕೊಂಡು ಬಂದ ಕಟ್ಟಳೆಯನ್ನು ಒಮ್ಮೆ ಕಣ್ಣು ತೆರೆದು ನೋಡಿದೆವಲ್ಲ, ಅದು ಹೆಸರಿನವರಿಂದ ಆಗುವ ಉಪಕಾರ. ಗಂಟೆ ಬಾರಿಸಲಿ, ಬೇಡವೆಂದವರು ಯಾರು. ಗಂಟೆ ಬಾರಿಸಿದವನೇ ಪಾಠವನ್ನೂ ಹೇಳುತ್ತಾನೆ ಎಂದುಕೊಂಡು ಕೂತರೆ ತಪ್ಪು ನಮ್ಮದು.

ಇಷ್ಟೆಲ್ಲ ವಿವೇಕ ನನಗೆ ಆ ಭಾನುವಾರ ಬಂದಿರಲಿಲ್ಲ. ಸೋಮವಾರ ಬೆಳಿಗ್ಗೆ ಬಂತು, ಅದೂ ಬೇರೆಯವರು ತಂದುಕೊಟ್ಟದ್ದು.

ಸೋಮವಾರ ಬಲೆ ಇಳಿಸಿದ್ದರು. ನಾನು ಗಾಡಿಯನ್ನು ಮೇಲಿನ ರಸ್ತೆಯಲ್ಲಿ ನಿಲ್ಲಿಸಿ ಮರಳಿಗೆ ಇಳಿಯುವ ಹೊತ್ತಿಗೆ ಎರಡೂ ಸಾಲು ಎಳೆಯುತ್ತಿದ್ದವು. ದಕ್ಷಿಣದ ಸಾಲಿನ ಕೊನೆಯಲ್ಲಿ ಬೀರಣ್ಣ ನಿಂತಿದ್ದ. ಬಲಗೈ ಎದೆಗೆ ಕಟ್ಟಿಕೊಂಡಿದ್ದ, ಎಡಗೈಯಲ್ಲಿ ಹಗ್ಗದ ಬಾಲ ಹಿಡಿದಿದ್ದ. ಸಾಲು ಹಿಂದಕ್ಕೆ ಹೆಜ್ಜೆ ಹಾಕಿದಾಗ ಅವನೂ ಹಾಕುತ್ತಿದ್ದ. ಒಂದೊಂದು ಎಳೆತಕ್ಕೂ ಅವನ ಮುಖ ಕಿವುಚಿಕೊಳ್ಳುತ್ತಿತ್ತು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಸಾಲಿನ ಮುಂದೆ ಎಳೆಯುತ್ತಿದ್ದ ನಾಗರಾಜ ಕೊನೆಗೆ ತಾಳಲಾರದೆ ಹಿಂದಕ್ಕೆ ಬಂದ.

“ಮಾವಾ, ಬಿಡು. ಭುಜ ಮತ್ತೆ ಹೋಗ್ತದೆ.”

“ಆ ಹೀರೋಗೆ ಎಂತದೂ ಆಗ್ಲಿಲ್ಲ, ನಂಗೆ ಆಗ್ತದಾ?” ಎಂದ ಬೀರಣ್ಣ, ಹಗ್ಗದಿಂದ ಕಣ್ಣು ತೆಗೆಯದೆ.

“ಅಂವ ಎಳೂಕೆ ಬಂದಂವ ಅಲ್ಲ ಮಾವಾ, ಫೋಟೋಕ್ಕೆ ಬಂದಂವ.”

“ಆದ್ರೂ ಪೂರಾ ಪಾಲು ಹಾಕ್ದೆ ನಾನು. ಈ ಕೈಯಲ್ಲೇ ಹಾಕ್ದೆ. ಹಗ್ಗ ಮುಟ್ಟಿದವಗೆ ಅರ್ಧ ಅಂತ ಈ ಕಿನಾರೆಲಿ ಇಲ್ಲ. ಇವತ್ತು ನಾ ಮುಟ್ಟಿದ್ದೆ. ಬಲೆ ಬರೂ ತನಕ ಬಿಡೂದಿಲ್ಲ.”

ನಾಗರಾಜನ ಮುಖ ನೋಡಬೇಕಿತ್ತು. ಆ ನಟ ಹಿಡಿದ ಹಗ್ಗದ ತುಂಡನ್ನು ಮನೆಯಲ್ಲಿಟ್ಟವನು ಅವನು; ಆ ಹಗ್ಗವನ್ನು ಅಷ್ಟು ವರ್ಷ ಎಳೆದ ಕೈ ಎದುರಿಗೆ ಎದೆಗೆ ಕಟ್ಟಿಕೊಂಡಿತ್ತು. ಅವನ ದನಿ ಇಳಿಯಿತು. “ಪೂರಾ ಪಾಲೇ ತಕೋ ಮಾವಾ. ನಾ ಹೇಳಿದ್ದು ತಪ್ಪಾಯ್ತು. ಎಲ್ರಿಗೂ ಹೇಳ್ತೆ. ನೀ ಕೂತ್ಕೋ.”

“ನೀ ಹೇಳ್ರೆ ಎಂತ ಆಯ್ತು? ನಿನ್ ಮಾತಿಗೆ ಯಾರು ಎದ್ದು ಹೋದ್ರು?” ಬೀರಣ್ಣ ತಲೆ ನನ್ನ ಕಡೆ ತಿರುಗಿಸಿದ. “ಅರ್ಧ ಅಂದದ್ದು ಶೇವಂತಿ. ಅವ್ಳು ಹೇಳ್ಲಿ.”

ಎರಡೂ ಸಾಲು ಕೈ ನಿಲ್ಲಿಸದೆಯೇ ನನ್ನ ಕಡೆ ಕಿವಿಯಿಟ್ಟವು. ವ್ಯಾಪಾರದಲ್ಲಿ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡವಳಲ್ಲ. ಹಿಂದಕ್ಕೆ ತೆಗೆದುಕೊಂಡರೆ ನಾಳೆ ಮೀನಿನ ಲಿಲಾವು ಕೂಗುವಾಗ ನನ್ನ ಮಾತಿಗೆ ಯಾರು ನಿಲ್ಲುತ್ತಾರೆ? ಆ ಒಂದು ಗಳಿಗೆಯಲ್ಲಿ ನನಗೆ ನನ್ನ ಹೆಸರಿನ ಭಾರ ಗೊತ್ತಾಯಿತು, ಆ ಭಾರ ಎಂಥವರ ಭುಜದ ಮೇಲೆ ಕೂತಿದೆ ಎಂಬುದೂ ಕಂಡಿತು. ಅದು ನಿನ್ನೆ ಒಂದು ಮುರಿದ ಭುಜದ ಮೇಲೆ ಕೂತಿತ್ತು. ಬಂಗಡೆಗೆ ಅರ್ಧ ದರ ಹೇಳಬಹುದು, ಬಂಗಡೆಗೆ ಅದು ತಾಗುವುದಿಲ್ಲ. ಗುಂಪಿನ ಆಳಿಗೆ ಅರ್ಧ ಪಾಲು ಎಂದರೆ ಅರ್ಧ ಆಳು ಎಂದಂತೆ. ಇದು ಹಗ್ಗ ಹಿಡಿದ ಯಾರಿಗಾದರೂ ಗೊತ್ತಿತ್ತು. ಸುಕ್ರಿ ನನ್ನನ್ನು ಕೇಳಿದ್ದು ಇದನ್ನೇ.

“ನಾ ಮೀನಿನ ದರ ಹೇಳೂಕೆ ಬಂದವ್ಳು, ಬೀರಣ್ಣ,” ಎಂದೆ. “ಹಗ್ಗದ ವಿಷಯ ನಂಗೆ ಗೊತ್ತಿಲ್ಲ. ನಿನ್ನೆ ಗೊತ್ತಿದ್ದಂಗೆ ಮಾತಾಡ್ದೆ. ಆ ಮಾತು ತಪ್ಪು. ನಿಮ್ಮ ಕಟ್ಟಳೆ ನೀವು ನೀವೇ ಹೇಳಿ.”

ಸಾಲಿನಿಂದ ಯಾರೋ “ಪೂರಾ!” ಎಂದರು. ಇನ್ನೊಬ್ಬರು ಅದನ್ನೇ ಅಂದರು. ಆಮೇಲೆ ಎಳೆತದ ಲಯಕ್ಕೆ ಅದೇ ಕೂಗಾಗಿ, ಒಂದೊಂದು ಎಳೆತಕ್ಕೂ ಇಪ್ಪತ್ತೊಂದು ದನಿ ಪೂರಾ, ಪೂರಾ ಎನ್ನತೊಡಗಿದವು. ಮತದಾನ ಅಷ್ಟರಲ್ಲಿ ಮುಗಿದಿತ್ತು, ಯಾರೂ ಎಣಿಸಬೇಕಾಗಲಿಲ್ಲ.

ಬೀರಣ್ಣ ಹಗ್ಗ ಬಿಡಲು ಒಪ್ಪಿದ. ಆದರೆ ಬಲೆ ದಡದ ಹತ್ತಿರ ಬಂದಿತ್ತು, ಬಾಲ ಹಿಡಿಯಲು ಒಂದು ಕೈ ಬೇಕಿತ್ತು, ನಾಗರಾಜ ಆಗಲೇ ಮುಂದಕ್ಕೆ ಓಡಿದ್ದ. ನಾನೇ ಹತ್ತಿರ ಇದ್ದವಳು. ಅವನ ಕೈಯಿಂದ ತೆಗೆದುಕೊಂಡೆ. ಒದ್ದೆ ಹಗ್ಗ, ಮರಳು ಮೆತ್ತಿದ್ದು. ನಾಲ್ಕು ಹೆಜ್ಜೆ ಹಿಂದಕ್ಕೆ ಹಾಕುವಷ್ಟರಲ್ಲಿ ಅಂಗೈ ಉರಿಯಿತು, ಐದನೆಯದಕ್ಕೆ ಎರಡೂ ಮಂಡಿಗಳು ನನ್ನನ್ನು ಹೆಸರು ಹಿಡಿದು ಬೈದವು. ಆ ನಟ ಒಂದು ಚಾದ ಹೊತ್ತಾದರೂ ಇದನ್ನು ಹಿಡಿದಿದ್ದನಲ್ಲ, ಹಿಡಿದವನು ಹೋಗಿ ಹಾಗೆ ಹೇಗೆ ಮಾತಾಡಿದ ಎಂದು ಯೋಚಿಸಿದೆ. ಛತ್ರಿಯ ನೆರಳಿನಲ್ಲಿ ಹಗ್ಗ ಬೇರೆ ಥರ ಇರಬೇಕು.

ಮೀನು ಬಿತ್ತು. ಎಡಗೈಯಲ್ಲೇ ಬೀರಣ್ಣ ಗುಪ್ಪೆ ಹಾಕಿದ. ನಾನು ನನ್ನ ಎಂದಿನ ಕೆಲಸಕ್ಕೆ ಬಗ್ಗಿ, ಕಿವಿರು ಎತ್ತಿ ನೋಡಿ, ಇವತ್ತು ಎಷ್ಟಕ್ಕೆ ಕೊಡ್ತೀರಿ ಎಂದು ಬಾಯಿ ತೆರೆಯುವಷ್ಟರಲ್ಲಿ, ಕೊನೆಯಲ್ಲಿದ್ದ ಒಂದು ಗುಪ್ಪೆಯನ್ನು ಸುಕ್ರಿ ನನ್ನ ಕಾಲ ಬುಡಕ್ಕೆ ಸರಿಸಿದಳು.

“ಇದು ಎಂತಕ್ಕೆ ನಂಗೆ?”

“ಹಗ್ಗ ಮುಟ್ಟಿದ್ಯಲೇ ಅಕ್ಕಾ,” ಎಂದಳು, ನಗದೆ.

ಬೇಡ ಎನ್ನಲು ಹೊರಟವಳು ಸುಮ್ಮನಾದೆ. ಆ ಕಿನಾರೆಯಲ್ಲಿ ಪಾಲು ಬೇಡವೆನ್ನುವುದು ಕಟ್ಟಳೆಯ ಮೇಲೆ ಅಭಿಪ್ರಾಯ ಹೇಳಿದ ಹಾಗೆ. ಒಂದೇ ವಾರದಲ್ಲಿ ಎರಡು ಅಭಿಪ್ರಾಯ ನನಗೆ ಹೆಚ್ಚಾಯಿತು. ಜೀವಮಾನದಲ್ಲಿ ಎರಡನೆಯ ಸಲ, ಒಂದು ವಸ್ತುವನ್ನು ಮರುಮಾತಾಡದೆ ಚೀಲಕ್ಕೆ ಹಾಕಿಕೊಂಡು ಬಂದೆ. ಸಂಜೆ ಮಂಡಿ ಹಿಡಿದುಕೊಂಡಿತು. ಕಪಾಟಿನಿಂದ ಆ ಬಾಟಲಿ ತೆಗೆದು ಉಳಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತ ಕೂತಿದ್ದಾಗ ತೋಡೂರಿನಿಂದ ನಾದಿನಿಯ ಫೋನ್ ಬಂತು. ಮಗನಿಗೆ ಈಗ ಕಂಪ್ಯೂಟರ್ ಓದಿಸಲೋ ಬೇಡವೋ, ನೀ ಒಂದು ಮಾತು ಹೇಳು ಎಂದಳು. ನಾನು ಬಾಟಲಿಯ ಮುಚ್ಚಳ ತಿರುಗಿಸಿ, ಇಷ್ಟು ವರ್ಷದ ವ್ಯಾಪಾರದಲ್ಲಿ ಒಮ್ಮೆಯೂ ಬಾಯಿಗೆ ಬಾರದ ಮಾತನ್ನು ಹೇಳಿದೆ.

“ಅವನ್ನ ಕೇಳೇ, ಓದೂವಂವ ಅವನು. ನಂಗೆ ಗೊತ್ತಿಲ್ಲ.”

ನಾದಿನಿ ಗಾಬರಿಯಿಂದ ಕೇಳಿದಳು, “ಎಂತಾಯ್ತೇ ಅತ್ತಿಗೇ, ಹುಷಾರಿಲ್ವ ನಿಂಗೆ?”